ಎರಡಾಣೆಯ ಲೆಕ್ಕ

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಬಾಗಿಲು ತೆರೆಯಿತು. ಆರಂಭದ ಬಂಡವಾಳ 5000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಮುಗಿಸಿದಾಗ ಸೇರಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಕೊನೆಯ ಆ ಎರಡು ಪೈ ಮೇಲೆ ನನಗೆ ತುಂಬ ಅಭಿಮಾನ. ಆಣೆಗೆ 12 ಪೈ, ರೂಪಾಯಿಗೆ 192. ಅಷ್ಟು ಸಣ್ಣ ಕಾಸನ್ನೂ ಬಿಡದೆ ಬರೆದಿಟ್ಟವರು ಹಣವಂತರಿಗಾಗಿ ಮಾತ್ರ ಬ್ಯಾಂಕು ಕಟ್ಟಲು ಹೊರಟವರಲ್ಲ.

ಸ್ಥಾಪಕರಲ್ಲಿ ಮುಖ್ಯರಾದವರು ಉಡುಪಿಯ ವರ್ತಕ ಹಾಜಿ ಅಬ್ದುಲ್ಲಾ ಸಾಹೇಬರು. ಬ್ಯಾಂಕು ಆರಂಭಿಸುವಾಗ ಊರಿನವರ ಮುಂದಿಟ್ಟ ಮನವಿಯಲ್ಲಿ ಜಾತಿ ಮತದ ಭೇದವಿಲ್ಲದೆ ಎಲ್ಲರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದು, ಒಟ್ಟಿಗೆ ಸೇರಿ ಕೆಲಸ ಮಾಡುವುದನ್ನು ಕಲಿಸುವುದು ತಮ್ಮ ಉದ್ದೇಶ, ಸ್ವದೇಶಿ ಎಂದರೆ ಇದೇ ಎಂಬ ಮಾತಿತ್ತು. ಬಂಗಾಳದಲ್ಲಿ ಸ್ವದೇಶಿ ಚಳವಳಿ ಬಿಸಿಯಾಗಿದ್ದ ಕಾಲ ಅದು. ಅಲ್ಲಿ ವಿದೇಶಿ ಬಟ್ಟೆ ಸುಟ್ಟರು, ಇಲ್ಲಿ ಒಬ್ಬ ಮುಸ್ಲಿಂ ವರ್ತಕ ಮುಂದೆ ನಿಂತು ಎಲ್ಲ ಜಾತಿಯವರ ಹಣಕ್ಕೂ ಒಂದೇ ಪೆಟ್ಟಿಗೆ ಇಟ್ಟರು. ಎರಡನೆಯದು ಕಣ್ಣಿಗೆ ಬೀಳದ ಕೆಲಸವಾದ್ದರಿಂದ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತಿದ್ದಷ್ಟು ಕಾಲವೂ ಇದು ನನ್ನ ಮನಸ್ಸಿಗೆ ನೋವು ಕೊಡುತ್ತಿತ್ತು.

ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. ಮುಂದೆ ಕೆನರಾ ಬ್ಯಾಂಕ್ ಆದದ್ದು ಇದೇ. ಸುಬ್ಬರಾವ್ ಪೈಗಳು ಬ್ಯಾಂಕಿಗಿಂತ ಮೊದಲು ಶಾಲೆ ಕಟ್ಟಿದವರು: 1891ರಲ್ಲಿ ಹುಡುಗರಿಗೆ, 1894ರಲ್ಲಿ ಹುಡುಗಿಯರಿಗೆ. 1924ರಲ್ಲಿ ಕರ್ಣಾಟಕ ಬ್ಯಾಂಕ್ ಬಂತು. 1931ರ ವಿಜಯದಶಮಿಯಂದು ಎ. ಬಿ. ಶೆಟ್ಟಿ ಮತ್ತು ಅವರ ಜತೆಗಾರರು ರೈತರನ್ನು ಸೇರಿಸಿಕೊಂಡು ವಿಜಯಾ ಬ್ಯಾಂಕ್ ತೆರೆದರು. ಇವಲ್ಲದೆ ಹುಟ್ಟಿ, ನಾಲ್ಕು ದಿನ ಬಾಳಿ, ಇನ್ನೊಂದರಲ್ಲಿ ವಿಲೀನವಾದ ಸಣ್ಣಪುಟ್ಟ ಬ್ಯಾಂಕುಗಳು ಎಷ್ಟೋ.

ಮದ್ರಾಸ್ ಪ್ರಾಂತ್ಯದ ಒಂದು ಮೂಲೆಯ ಜಿಲ್ಲೆಯಲ್ಲಿ ಇಷ್ಟೊಂದು ಬ್ಯಾಂಕು ಯಾಕೆ ಹುಟ್ಟಿದವು? ಇಲ್ಲಿ ದೊಡ್ಡ ಜಮೀನ್ದಾರರ ಖಜಾನೆಗಳಿರಲಿಲ್ಲ, ಬೊಂಬಾಯಿಯಂತೆ ಗಿರಣಿಗಳ ಸಾಲೂ ಇರಲಿಲ್ಲ. ಇದ್ದದ್ದು ಗೇಣಿ ಒಕ್ಕಲು, ಕೈಮಗ್ಗ, ಹಂಚಿನ ಕಾರ್ಖಾನೆ, ಮೀನು, ದಿನಸಿ ಅಂಗಡಿ. ಹಣ ಇತ್ತು, ಆದರೆ ಚೂರುಚೂರಾಗಿ ಸಾವಿರಾರು ಕೈಗಳಲ್ಲಿ ಹಂಚಿಹೋಗಿತ್ತು. ಅದನ್ನು ಒಂದೆಡೆ ಸೇರಿಸಲು ಹೊರಟವನಿಗೆ ಆಗ ಇಂದಿನಂತೆ ಲೈಸೆನ್ಸ್ ಬೇಕಿರಲಿಲ್ಲ. ಕಂಪನಿ ಕಾಯಿದೆಯಡಿ ನೋಂದಾಯಿಸಿ, ಊರಿನವರ ನಂಬಿಕೆ ಗಳಿಸಿದರೆ ಆಯಿತು. ಆ ಸ್ವಾತಂತ್ರ್ಯ ಇಲ್ಲದಿದ್ದರೆ 5000 ರೂಪಾಯಿಯ ಬ್ಯಾಂಕು ಹುಟ್ಟುತ್ತಲೇ ಇರಲಿಲ್ಲ.

ಇವೆಲ್ಲಕ್ಕಿಂತ ನನಗೆ ಹತ್ತಿರವಾದ ಕಥೆ 1925ರದು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದರು. ಬಟ್ಟೆ ವ್ಯಾಪಾರದಲ್ಲಿದ್ದ ಉಪೇಂದ್ರ ಪೈ, ಎಂಜಿನಿಯರ್ ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ, ಈ ಮೂವರು ಸೇರಿ ಅಕ್ಟೋಬರ್ 20ರಂದು ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಬಂಡವಾಳ 8000 ರೂಪಾಯಿ. ಮೂರು ವರ್ಷದ ನಂತರ, 1928ರಲ್ಲಿ, ಪಿಗ್ಮಿ ಠೇವಣಿ ಶುರುವಾಯಿತು. ಬ್ಯಾಂಕಿನ ಏಜೆಂಟ್ ದಿನಾ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಬೇಕು. ಎರಡಾಣೆ ಕೊಟ್ಟರೂ ತೆಗೆದುಕೊಳ್ಳಬೇಕು, ಬರೆಯಬೇಕು.

ಯೋಚಿಸಿ ನೋಡಿದರೆ ಇದು ಸಣ್ಣ ಸಂಗತಿಯಲ್ಲ. ದಿನಗೂಲಿಯವನ ಕೈಗೆ ಹಣ ಬರುವುದು ಸಂಜೆ. ಬ್ಯಾಂಕು ಮುಚ್ಚುವುದು ಅದಕ್ಕಿಂತ ಮೊದಲೇ. ರಾತ್ರಿ ಕಳೆದು ಬೆಳಗಾಗುವುದರೊಳಗೆ ಆ ಎರಡಾಣೆಗೆ ಹತ್ತು ದಾರಿ. ಬಡವನಿಗೆ ಉಳಿಸುವ ಬುದ್ಧಿ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದಾಗ, ಇವರು ಅವನಿಗೆ ಉಳಿಸುವ ಅನುಕೂಲ ಇಲ್ಲ ಎಂಬುದನ್ನು ಕಂಡರು. ವ್ಯಾಪಾರಿಯ ಕಣ್ಣು ಎಂದರೆ ನನ್ನ ಮಟ್ಟಿಗೆ ಇದು.

ನನ್ನ ತಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಪಿಗ್ಮಿ ಕಲೆಕ್ಟರ್ ಆಗಿದ್ದವರು. ಮಧ್ಯಾಹ್ನ ಸೈಕಲ್ ಹತ್ತಿ ಮಲ್ಪೆಗೆ ಹೋಗುತ್ತಿದ್ದರು. ಮೀನಿನ ಏಲಂ ಮುಗಿಸಿ ಬುಟ್ಟಿ ಹೊತ್ತ ಹೆಂಗಸರು, ಐಸ್ ಒಡೆಯುವವರು, ಬಲೆ ಹೆಣೆಯುವವರು, ಆಮೇಲೆ ಬೀಡಿ ಕಟ್ಟುವ ಮನೆಗಳು, ಗೂಡಂಗಡಿ, ಹೊಟೇಲು. ನಯಾಪೈಸೆ ಬಂದು ವರ್ಷಗಳಾಗಿದ್ದರೂ ಜನರ ಬಾಯಲ್ಲಿ ನಾಲ್ಕಾಣೆ, ಎಂಟಾಣೆಯೇ. ಮಳೆಗಾಲದಲ್ಲಿ ತಂದೆ ತಂದ ನೋಟುಗಳೆಲ್ಲ ಒದ್ದೆ, ಮೀನಿನ ವಾಸನೆ. ಅಮ್ಮ ಅವನ್ನು ಒಲೆಯ ಬಿಸಿಗೆ ಹಿಡಿದು, ಚಾವಡಿಯಲ್ಲಿ ಹರಡಿ, ಚಿಲ್ಲರೆಯನ್ನು ಬೇರೆಬೇರೆ ಗುಡ್ಡೆ ಮಾಡಿ ಎಣಿಸುತ್ತಿದ್ದರು. ಬೆಳಿಗ್ಗೆ ಬ್ಯಾಂಕಿನ ಕ್ಯಾಷಿಯರ್ ಮುಂದೆ ಇಟ್ಟಾಗ ಒಂದು ಪೈಸೆ ಹೆಚ್ಚು ಕಡಿಮೆ ಆಗಕೂಡದು.

ಶಾಲೆಗೆ ರಜೆ ಇದ್ದಾಗ ನಾನೂ ಸೈಕಲ್ಲಿನ ಹಿಂದೆ ಕೂತು ಹೋದದ್ದುಂಟು. ಮೀನು ಮಾರುವ ಒಬ್ಬರ ಮನೆಯ ಹಿಂಬದಿ ಗೋಡೆಯಲ್ಲಿ ಮಸಿಕೆಂಡದ ಗೆರೆಗಳಿದ್ದವು. ನಾಲ್ಕಾಣೆ ಕೊಟ್ಟ ದಿನ ಸಣ್ಣ ಗೆರೆ, ಎಂಟಾಣೆಯ ದಿನ ಉದ್ದ ಗೆರೆ, ಏನೂ ಕೊಡದ ದಿನ ಒಂದು ಚುಕ್ಕಿ. ಅವರಿಗೆ ಓದಲು ಬರುತ್ತಿರಲಿಲ್ಲ. ತಿಂಗಳ ಕೊನೆಗೆ ತಂದೆ ಪಿಗ್ಮಿ ಪುಸ್ತಕ ಹಿಡಿದು ಒಂದೊಂದೇ ದಿನದ್ದು ಓದಬೇಕು, ಆಕೆ ಬೆರಳಿಟ್ಟು ಗೋಡೆಯ ಗೆರೆ ಸರಿನೋಡಬೇಕು. ಅರ್ಧ ಗಂಟೆ ಹಿಡಿಯುತ್ತಿತ್ತು.

“ಬೇಜಾರು ಮಾಡ್ಕೊಳ್ಬೇಡಿ ಅಣ್ಣ, ನಿಮ್ಮ ಮೇಲೆ ಸಂಶಯ ಅಂತಲ್ಲ” ಎಂದರು ಆಕೆ ಒಮ್ಮೆ.

“ಸಂಶಯ ಇರಲಿ ಅಕ್ಕ. ಹಣ ನಿಮ್ಮದಲ್ವಾ, ನೋಡಲೇಬೇಕು” ಎಂದರು ತಂದೆ.

ವ್ಯಾಪಾರಕ್ಕೂ ನೀತಿಗೂ ಏನು ಸಂಬಂಧ ಎಂದು ಕೇಳುವವರಿಗೆ ನಾನು ಈ ಗೋಡೆಯನ್ನೇ ತೋರಿಸುತ್ತೇನೆ. ದಾನವನ್ನು ನಾನು ಹಗುರಾಗಿ ಕಾಣುವವಳಲ್ಲ. ಹಾಜಿ ಅಬ್ದುಲ್ಲಾ ಸಾಹೇಬರು ಕೊಟ್ಟ ಜಾಗದಲ್ಲಿ ನಿಂತ, ಅವರದೇ ಹೆಸರಿನ ಆಸ್ಪತ್ರೆಯಲ್ಲಿ ಉಡುಪಿಯ ಎಷ್ಟು ಮಕ್ಕಳು ಹುಟ್ಟಿದ್ದಾರೋ. ಆದರೆ ದಾನ ಪಡೆದವನು ಕೊಟ್ಟವನ ಲೆಕ್ಕ ಕೇಳುವಂತಿಲ್ಲ. ಪಿಗ್ಮಿ ಕಟ್ಟಿದ ಹೆಂಗಸು ಕೇಳಬಹುದು. ಅವಳು ಬ್ಯಾಂಕಿನ ಉಪಕಾರಕ್ಕೆ ಒಳಗಾದವಳಲ್ಲ, ಬ್ಯಾಂಕೇ ಅವಳಿಗೆ ಸಾಲಗಾರ. ಸಾಹುಕಾರನ ಮುಂದೆ ಕೈಕಟ್ಟಿ ನಿಂತು ಬಡ್ಡಿಗೆ ತಂದವಳು ಈಗ ತಾನೇ ಬಡ್ಡಿ ಎಣಿಸಿಕೊಳ್ಳುತ್ತಾಳೆ. ಕಟ್ಟಿದ ಹಣದ ಆಧಾರದ ಮೇಲೆ ಸಾಲ ತೆಗೆದು ಮಗಳ ಮದುವೆ ಮಾಡುತ್ತಾಳೆ, ಹೊಸ ಹಂಚು ಹೊದಿಸುತ್ತಾಳೆ.

ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಮೀನು ಮಾರುಕಟ್ಟೆಗೆ ಬೇರೆ ಬ್ಯಾಂಕಿನ ಕಲೆಕ್ಟರುಗಳೂ ಬರುತ್ತಿದ್ದರು. ಒಬ್ಬರು ಎರಡು ದಿನ ತಪ್ಪಿಸಿದರೆ, ಜೋರಾಗಿ ಮಾತಾಡಿದರೆ, ಪುಸ್ತಕ ಮುಗಿದ ಮೇಲೆ ಆಕೆ ಇನ್ನೊಬ್ಬರ ಹತ್ತಿರ ಹೊಸ ಪುಸ್ತಕ ತೆಗೆಯುತ್ತಿದ್ದರು. ಊರಿನಲ್ಲಿ ಯಾವ ಸಭೆಯಲ್ಲೂ ಅವರ ಮಾತಿಗೆ ಬೆಲೆ ಇರಲಿಲ್ಲ, ಇಲ್ಲಿ ಇತ್ತು. ಬಿಟ್ಟು ಹೋಗುವ ಹಕ್ಕು ಕೈಯಲ್ಲಿದ್ದವರಿಗೆ ಮರ್ಯಾದೆ ತಾನಾಗಿ ಸಿಗುತ್ತದೆ. ವ್ಯಾಪಾರಿಗೆ ಸ್ವಾತಂತ್ರ್ಯ ಬೇಕು ಎನ್ನುವವರು ಗಿರಾಕಿಯ ಈ ಸ್ವಾತಂತ್ರ್ಯವನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ನಂಬಿಕೆ ಮುರಿದ ಬ್ಯಾಂಕುಗಳೂ ದಕ್ಷಿಣದಲ್ಲಿ ಇದ್ದವು. 1938ರಲ್ಲಿ ಟ್ರಾವಂಕೂರ್ ನ್ಯಾಷನಲ್ ಆ್ಯಂಡ್ ಕ್ವಿಲೋನ್ ಬ್ಯಾಂಕ್ ಮುಳುಗಿತು, 1960ರಲ್ಲಿ ಪಾಲಾಯಿ ಸೆಂಟ್ರಲ್ ಬ್ಯಾಂಕ್. ಗೋಡೆಯ ಮೇಲಿನ ಗೆರೆ ಎಷ್ಟು ಸರಿಯಿದ್ದರೂ ಬ್ಯಾಂಕೇ ಮುಳುಗಿದರೆ ಏನು ಮಾಡುವುದು? 1962ರಲ್ಲಿ ಠೇವಣಿ ವಿಮೆ ಬಂತು, ಒಬ್ಬರಿಗೆ 1500 ರೂಪಾಯಿಯವರೆಗೆ. ಮಲ್ಪೆಯ ಗಿರಾಕಿಗಳಿಗೆ ಆಗ ಅಷ್ಟು ಸಾಕಿತ್ತು. ಇಂಥ ಕಾನೂನು ವ್ಯಾಪಾರದ ಕೈಕಟ್ಟಿತು ಎಂದು ಗೊಣಗುವವರ ಜತೆ ನಾನಿಲ್ಲ. ಬರಿಯ ಒಳ್ಳೆಯತನದ ಮೇಲೆ ಬಡವರ ದುಡ್ಡು ನಿಲ್ಲಬಾರದು.

1969ರ ಜುಲೈ 19ರಂದು ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಎರಡು ನಮ್ಮವು, ಕೆನರಾ ಮತ್ತು ಸಿಂಡಿಕೇಟ್. 1980ರ ಆರರಲ್ಲಿ ಮತ್ತೆ ಎರಡು, ಕಾರ್ಪೊರೇಶನ್ ಮತ್ತು ವಿಜಯಾ. ಇಪ್ಪತ್ತರಲ್ಲಿ ನಾಲ್ಕು ಒಂದೇ ಜಿಲ್ಲೆಯಿಂದ! ಈಗ ಆ ನಾಲ್ಕರಲ್ಲಿ ಹೆಸರು ಉಳಿದಿರುವುದು ಕೆನರಾದ್ದು ಮಾತ್ರ. ವಿಜಯಾ 2019ರಲ್ಲಿ, ಮಿಕ್ಕೆರಡು 2020ರಲ್ಲಿ ವಿಲೀನವಾದವು. ಬೋರ್ಡು ಬದಲಾದ ದಿನ ಊರಿನ ಹಿರಿಯರು ಸಂಕಟಪಟ್ಟರು, ನಾನೂ ಪಟ್ಟೆ. ಬ್ಯಾಂಕು ದೊಡ್ಡದಾದಷ್ಟೂ ಎರಡು ಪೈಯನ್ನು ಎಣಿಸುವ ತಾಳ್ಮೆ ಕಡಿಮೆಯಾಗುತ್ತದೆ ಎಂಬ ಭಯ ನನ್ನದು.

ಈ ಕಥೆಯಲ್ಲಿ ನನ್ನನ್ನು ಬಿಡದೆ ಕಾಡುವ ಒಂದು ಕೊರತೆ ಉಂಟು. ಪ್ರತಿಯೊಬ್ಬರ ಕಾಸಿನ ಲೆಕ್ಕ ಇಟ್ಟ ಈ ವ್ಯವಸ್ಥೆ, ಕಾಸು ತಂದುಕೊಟ್ಟವರ ಲೆಕ್ಕವನ್ನು ಸರಿಯಾಗಿ ಇಡಲಿಲ್ಲ. ತಂದೆಗೆ ಸಿಗುತ್ತಿದ್ದುದು ಕಮಿಷನ್ ಮಾತ್ರ. ಜ್ವರ ಬಂದು ಮಲಗಿದ ದಿನ ಸಂಪಾದನೆ ಇಲ್ಲ. ಮೊಣಕಾಲು ಸೋತು ಕೆಲಸ ಬಿಟ್ಟಾಗ ಅವರ ಕೈಗೆ ಬಂದದ್ದು ಕೊನೆಯ ತಿಂಗಳ ಕಮಿಷನ್, ಮತ್ತೇನೂ ಇಲ್ಲ. ಅವರು ಬ್ಯಾಂಕಿನವರಲ್ಲ, ಏಜೆಂಟ್ ಎಂದರು. ಬ್ಯಾಂಕಿನೊಳಗೆ ಕಾಲಿಡದ ಸಾವಿರಾರು ಜನರಿಗೆ ಬ್ಯಾಂಕು ಎಂದರೆ ಅವರ ಮುಖವೇ ಆಗಿತ್ತು.

ಕಲೆಕ್ಟರುಗಳು ಸಂಘ ಕಟ್ಟಿಕೊಂಡು ಕೋರ್ಟಿಗೆ ಹೋದರು. ಕೈಗಾರಿಕಾ ನ್ಯಾಯಮಂಡಳಿ, ಹೈಕೋರ್ಟು ಎಲ್ಲ ದಾಟಿ 2001ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಠೇವಣಿ ಸಂಗ್ರಹಿಸುವವರೂ ಕೆಲಸಗಾರರೇ, ಅವರ ಕಮಿಷನ್ ಕೂಡ ವೇತನವೇ. ಗ್ರಾಚ್ಯುಟಿಯ ಹಕ್ಕೂ ಬಂತು. ಕಾಯಂ ನೌಕರರ ಸಂಬಳ, ಸವಲತ್ತು ಮಾತ್ರ ಸಿಗಲಿಲ್ಲ. ಎರಡಾಣೆ ಎಣಿಸಿದ ವ್ಯಾಪಾರದ ನೀತಿ ಪೂರ್ತಿಯಾಗಬೇಕಾದರೆ ಇದೂ ಅದರೊಳಗೆ ಬರಬೇಕಿತ್ತು, ಕೋರ್ಟು ಹೇಳುವ ಮೊದಲೇ.

ಈಗ ನಮ್ಮೂರಿನ ಪೇಟೆಯಲ್ಲಿ ಸಹಕಾರಿ ಸಂಘಗಳ ಕಲೆಕ್ಟರುಗಳು ಕೈಯಲ್ಲೊಂದು ಸಣ್ಣ ಯಂತ್ರ ಹಿಡಿದು ಓಡಾಡುತ್ತಾರೆ. ಹಣ ಕೊಟ್ಟ ಕೂಡಲೇ ಚೀಟಿ ಬರುತ್ತದೆ, ಮೊಬೈಲಿಗೆ ಮೆಸೇಜ್ ಬರುತ್ತದೆ. ಇವರಲ್ಲಿ ಹೆಂಗಸರೂ ಇದ್ದಾರೆ. ಸಿಕ್ಕಿದಾಗ ಅವರನ್ನು ನಾನು ಮೊದಲು ಕೇಳುವುದು, ರಜೆ ಉಂಟಾ, ಪಿಎಫ್ ಉಂಟಾ, ಗ್ರಾಚ್ಯುಟಿ ಉಂಟಾ ಎಂದು. ಹೆಚ್ಚಿನವರು ನಗುತ್ತಾ ತಲೆಯಾಡಿಸಿ ಮುಂದಿನ ಅಂಗಡಿಗೆ ಹೋಗುತ್ತಾರೆ. ನಾನು ಸದಸ್ಯೆಯಾಗಿರುವ ಸಂಘದ ಮಹಾಸಭೆಯಲ್ಲಿ ಈ ವಿಷಯ ಎತ್ತಿದ್ದೇನೆ. ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಲಿಖಿತವಾಗಿ ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಂಡಿದ್ದೇನೆ.