ಜಿಪ್ಸಂ ಗೋಡೆಗೆ ಚಿತ್ರಪಟ: ಮೊಳೆ ಹೊಡೆಯುವ ಮುನ್ನ

ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ಸೀಮೆಯ ಹಳೆಯ ಮನೆಗಳಲ್ಲಿ ಚಿತ್ರಪಟ ತೂಗುಹಾಕುವುದು ದೊಡ್ಡ ಪ್ರಶ್ನೆಯಾಗಿರಲಿಲ್ಲ. ದಪ್ಪನೆಯ ಮಣ್ಣಿನ ಅಥವಾ ಕಲ್ಲಿನ ಗೋಡೆ ಏಳುವಾಗಲೇ ಅಲ್ಲಲ್ಲಿ ಮರದ ಗೂಟ ಸೇರಿಸಲಾಗುತ್ತಿತ್ತು. ಹಿರಿಯರ ಭಾವಚಿತ್ರ, ದೇವರ ಪಟಗಳು ಆ ಗೂಟವನ್ನೇ ನೆಚ್ಚಿ ತಲೆಮಾರುಗಳ ಕಾಲ ನಿಲ್ಲುತ್ತಿದ್ದವು. ಭೂವಿಜ್ಞಾನಿಗಳು ಈ ಭಾಗದ ಗ್ರಾನೈಟ್ ಶಿಲೆಗೆ ರಾಮನಗರದ ಹಳೆಯ ಹೆಸರಾದ 'ಕ್ಲೋಸ್‌ಪೇಟೆ'ಯ ಹೆಸರನ್ನೇ ಇಟ್ಟಿದ್ದಾರೆ. ಅಂಥ ಕಲ್ಲಿನ ನಾಡಿನಲ್ಲೂ ಈಗ ಕೋಣೆ ವಿಭಜಿಸಲು, ಟಿ.ವಿ. ಹಿಂಬದಿಯ ಗೋಡೆ ಸಿಂಗರಿಸಲು ಜಿಪ್ಸಂ ಬೋರ್ಡ್ ಬಳಕೆಗೆ ಬಂದಿದೆ. ಹೊರನೋಟಕ್ಕೆ ಅದೂ ಗೋಡೆಯೇ. ಆದರೆ ಮೊಳೆಯ ಪಾಲಿಗೆ ಅಲ್ಲ.

ಎರಡು ಗಟ್ಟಿ ಕಾಗದದ ಹಾಳೆಗಳ ನಡುವೆ ಜಿಪ್ಸಂ ತುಂಬಿದ ಈ ಹಲಗೆಯ ಸಾಮಾನ್ಯ ದಪ್ಪ 12.5 ಮಿ.ಮೀ., ಅಂದರೆ ಸುಮಾರು ಅರ್ಧ ಅಂಗುಲ. ಹಲಗೆಯ ಬಲ ಬಹುಪಾಲು ಕಾಗದದಲ್ಲಿದೆ. ಒಳಗಿನ ಜಿಪ್ಸಂ ಮೊಳೆಯ ಒತ್ತಡಕ್ಕೆ ಪುಡಿಯಾಗುತ್ತದೆ. ಹೀಗಾಗಿ ಮೊದಲ ದಿನ ಭದ್ರವಾಗಿ ಕಂಡ ಮೊಳೆ ವಾರಗಳ ಬಳಿಕ ಸದ್ದಿಲ್ಲದೆ ಜಾರಬಹುದು. ಮನೆಯಲ್ಲಿರುವ ಅಜ್ಜಿಯ ಏಕೈಕ ಭಾವಚಿತ್ರ ಗಾಜಿನೊಡನೆ ನೆಲಕ್ಕೆ ಬಿದ್ದರೆ ಮತ್ತೊಂದನ್ನು ತರುವಂತಿಲ್ಲ. ಕೆಳಗೆ ಮಗು ಮಲಗಿದ್ದರಂತೂ ಅಪಾಯ ಬೇರೆಯೇ ಬಗೆಯದು.

ತಟ್ಟಿ ನೋಡಬೇಕು

ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅದು ಬೋರ್ಡ್. ಅದರ ಹಿಂದೆ ಸಾಮಾನ್ಯವಾಗಿ 600 ಮಿ.ಮೀ., ಅಂದರೆ ಎರಡು ಅಡಿಗೊಂದರಂತೆ ಉಕ್ಕಿನ ತಗಡಿನ ಕಂಬಗಳಿರುತ್ತವೆ. ಸಣ್ಣದೊಂದು ಅಯಸ್ಕಾಂತವನ್ನು ಗೋಡೆಯ ಮೇಲೆ ಮೆಲ್ಲನೆ ಸರಿಸಿದರೆ ಸ್ಕ್ರೂ ಇರುವಲ್ಲಿ ಅದು ಅಂಟಿಕೊಳ್ಳುತ್ತದೆ. ಕಂಬದ ಸಾಲು ಅದೇ. ಹಗುರ ಪಟಕ್ಕೆ ಆ ಸಾಲಿನಲ್ಲಿ ಸ್ವಯಂ ಕೊರೆಯುವ ಸ್ಕ್ರೂ ಸಾಕು. ವಿದ್ಯುತ್ ಸ್ವಿಚ್ ಬೋರ್ಡ್‌ನ ನೇರ ಮೇಲೆ, ಕೆಳಗೆ ಮಾತ್ರ ಕೊರೆಯಬಾರದು. ತಂತಿಯ ಕೊಳವೆಗಳು ಸಾಮಾನ್ಯವಾಗಿ ಅಲ್ಲಿಯೇ ಹಾದುಹೋಗಿರುತ್ತವೆ.

ಇಟ್ಟಿಗೆ ಗೋಡೆಯ ಮೇಲೆಯೇ ಬೋರ್ಡ್ ಹೊದಿಸಿದ್ದರೆ ಕೆಲಸ ಸುಲಭ. ಉದ್ದನೆಯ ಸ್ಕ್ರೂ, ಪ್ಲಗ್ ಬಳಸಿ ಹಿಂದಿನ ಇಟ್ಟಿಗೆಯನ್ನೇ ಹಿಡಿಯಬಹುದು.

ತೂಕದ ಲೆಕ್ಕ

ಪಟದ ತೂಕ ಅಂದಾಜಿಗಿಂತ ಹೆಚ್ಚಿರುತ್ತದೆ ಎಂಬುದನ್ನು ಬಹುತೇಕರು ಮರೆಯುತ್ತಾರೆ. 4 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ 10 ಕಿಲೋ ತೂಗುತ್ತದೆ. 2 ಅಡಿ ಅಗಲ, 3 ಅಡಿ ಎತ್ತರದ ಪಟದಲ್ಲಿ ಗಾಜೊಂದೇ ಸುಮಾರು ಐದೂವರೆ ಕಿಲೋ; ಮರದ ಚೌಕಟ್ಟು, ಹಿಂಬದಿಯ ಹಲಗೆ ಬೇರೆ. ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿಸಿದರೆ ಅದೇ ದಪ್ಪಕ್ಕೆ ತೂಕ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹಾಸಿಗೆಯ ತಲೆಯ ಭಾಗದಲ್ಲಿ ಪಟ ಬೇಕೇ ಬೇಕೆನ್ನುವವರಿಗೆ ಇದೇ ಲೇಸು.

ಪಟದ ಹಿಂದೆ ಕಟ್ಟುವ ತಂತಿಯ ಓರೆಯೂ ಮುಖ್ಯ. ತಂತಿ ಅಡ್ಡಗೆರೆಯಿಂದ 30 ಡಿಗ್ರಿ ಓರೆಯಲ್ಲಿದ್ದರೆ ಅದರ ಎರಡೂ ಬದಿಯ ಮೇಲೆ ಪಟದ ಪೂರ್ತಿ ತೂಕದಷ್ಟು ಎಳೆತ ಬೀಳುತ್ತದೆ. 15 ಡಿಗ್ರಿಗೆ ಇಳಿದರೆ ಆ ಎಳೆತ ಬಹುತೇಕ ದುಪ್ಪಟ್ಟು. ತಂತಿಯನ್ನು ಬಿಗಿಯಾಗಿ ಕಟ್ಟುವುದೇ ಭದ್ರತೆ ಎಂಬ ನಂಬಿಕೆ ತಪ್ಪು. ಅದಕ್ಕಿಂತ ಎರಡು ಪ್ರತ್ಯೇಕ ಕೊಕ್ಕೆ ಉತ್ತಮ.

ಇಟ್ಟಿಗೆ ಗೋಡೆಗೆ ಬಳಸುವ ಸಾದಾ ರಾವಲ್ ಪ್ಲಗ್ ಬೋರ್ಡ್‌ನಲ್ಲಿ ಹಿಡಿತ ಕೊಡದು. ಒಂದೆರಡು ಕಿಲೋ ಪಟಕ್ಕೆ ಬೋರ್ಡ್‌ಗೆಂದೇ ಇರುವ, ತಿರುಗಿಸಿ ಕೂರಿಸುವ ಆ್ಯಂಕರ್ ಸಾಕು. ಅದಕ್ಕಿಂತ ಭಾರವಿದ್ದರೆ ಟಾಗಲ್ ಬೋಲ್ಟ್ ಬೇಕು. ರಂಧ್ರದ ಮೂಲಕ ಒಳಹೋದ ಅದರ ರೆಕ್ಕೆಗಳು ಹಿಂದೆ ಬಿಚ್ಚಿಕೊಂಡು ಹಲಗೆಯ ಅಗಲವಾದ ಭಾಗವನ್ನು ಅಪ್ಪಿ ಹಿಡಿಯುತ್ತವೆ. ಬೋಲ್ಟನ್ನು ಪೂರ್ತಿ ಹೊರತೆಗೆದರೆ ರೆಕ್ಕೆ ಗೋಡೆಯೊಳಗೆ ಬಿದ್ದುಹೋಗುತ್ತದೆ, ಎಚ್ಚರ. ಪೊಟ್ಟಣದ ಮೇಲೆ ಮುದ್ರಿಸಿದ ಕಿಲೋ ಮಿತಿಯ ಅರ್ಧದಷ್ಟನ್ನೇ ಹೇರುವುದು ಕ್ಷೇಮ.

ಹಾರದ ಭಾರ

ಆ ಮಿತಿ ಅಲುಗದೆ ನಿಂತ ವಸ್ತುವಿನದು. ನಮ್ಮ ಮನೆಗಳ ಪಟ ಹಾಗೆ ನಿಲ್ಲುವುದಿಲ್ಲ. ಶುಕ್ರವಾರದ ಹೂಮಾಲೆ, ಮಹಾಲಯ ಅಮಾವಾಸ್ಯೆಗೆ ಗಂಧದ ಹಾರ, ಆಯುಧಪೂಜೆಗೆ ಒರೆಸಿ ಕುಂಕುಮವಿಡುವ ಕೈ, ಮಿನುಗುವ ದೀಪದ ಸರ, ಎಲ್ಲವೂ ಅದೇ ಕೊಕ್ಕೆಯನ್ನು ಎಳೆಯುತ್ತವೆ. ಒದ್ದೆ ಹೂವಿನ ನೀರು ಹಲಗೆಯ ಕಾಗದವನ್ನು ಮೆತ್ತಗೆ ಮಾಡುತ್ತದೆ. ಪಟವನ್ನು ಮೇಲ್ಭಾಗ ಮುಂದಕ್ಕೆ ಬಾಗಿರುವಂತೆ ತೂಗುವ ರೂಢಿಯೂ ಉಂಟು. ಆಗ ಕೊಕ್ಕೆ ಕೆಳಕ್ಕೆ ಮಾತ್ರವಲ್ಲ, ಗೋಡೆಯಿಂದ ಹೊರಕ್ಕೂ ಸೆಳೆಯಲ್ಪಡುತ್ತದೆ. ಬೋರ್ಡ್ ಸೋಲುವುದು ಈ ಹೊರ ಸೆಳೆತಕ್ಕೇ. ಪೂಜೆಗೊಳ್ಳುವ ಪಟವನ್ನು ಗೋಡೆಗೆ ಒರಗಿದಂತೆ ನೇರ ತೂಗಬೇಕು. ಹಾರಕ್ಕೆ ಬೇರೆಯೇ ಕೊಕ್ಕೆ ಇರಲಿ.

ಚನ್ನಪಟ್ಟಣದ ಅರಗಿನ ಗೊಂಬೆಗಳನ್ನು ಜೋಡಿಸುವ ಪುಟ್ಟ ಅಟ್ಟಣಿಗೆಗೂ ಇದೇ ತೊಡಕು. ಗೊಂಬೆ ಹಗುರವೇ, ಆದರೆ ಹಲಗೆ ಮುಂದಕ್ಕೆ ಚಾಚಿದಷ್ಟೂ ಮೇಲಿನ ಸ್ಕ್ರೂ ಹೊರಕ್ಕೆ ಎಳೆಯಲ್ಪಡುತ್ತದೆ. ಅದನ್ನು ಉಕ್ಕಿನ ಕಂಬಕ್ಕೆ ಬಿಗಿಯದೆ ಬರಿಯ ಬೋರ್ಡ್‌ಗೆ ಸಿಕ್ಕಿಸುವುದು ಸಲ್ಲದು.

ಗೋಡೆ ಇನ್ನೂ ಏಳುತ್ತಿದ್ದರೆ ಇಷ್ಟೆಲ್ಲ ಪಾಡು ಬೇಕಿಲ್ಲ. ಬೋರ್ಡ್ ಮುಚ್ಚುವ ಮೊದಲು ಐದರಿಂದ ಆರು ಅಡಿ ಎತ್ತರದಲ್ಲಿ, ಕಂಬದಿಂದ ಕಂಬಕ್ಕೆ 18 ಮಿ.ಮೀ. ಪ್ಲೈವುಡ್‌ನ ಪಟ್ಟಿಯೊಂದನ್ನು ಅಡ್ಡಲಾಗಿ ಬಿಗಿಯುವಂತೆ ಬಡಗಿಗೆ ಹೇಳಬೇಕು. ಹಳೆಯ ಮನೆಯ ಗೂಟದ ಕೆಲಸವನ್ನೇ ಅದು ಮಾಡುತ್ತದೆ. ಮುಂದೆ ಸಾದಾ ಮರದ ಸ್ಕ್ರೂ ಕೂಡ ಅಲ್ಲಿ ಭದ್ರ. ಪಟ್ಟಿ ಇರುವ ಜಾಗದ ಅಳತೆಯನ್ನು ನೆಲದಿಂದ ಗುರುತಿಸಿ, ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಒಳಿತು. ಬಣ್ಣ ಬಳಿದ ಮೇಲೆ ಅದು ಎಲ್ಲಿದೆಯೆಂದು ಬಡಗಿಗೂ ನೆನಪಿರುವುದಿಲ್ಲ.