ಮೂರು ಬೆರಳಿನ ಉಪ್ಪು, ಒಂದು ಹಿಡಿ ಬೆಲ್ಲ

ಪೂರ್ವ ಲಂಡನ್ನಿಗೆ ಕಾಲರಾ ಕೊನೆಯ ಸಲ ದೊಡ್ಡ ರೂಪದಲ್ಲಿ ಬಂದದ್ದು 1866ರಲ್ಲಿ. ಕೆಲವೇ ತಿಂಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಜೋಸೆಫ್ ಬಜಲ್ಗೆಟ್ ಎಂಬ ಎಂಜಿನಿಯರ್ ಕಟ್ಟಿಸುತ್ತಿದ್ದ ಒಳಚರಂಡಿ ನಗರದ ಬಹುಭಾಗಕ್ಕೆ ಆಗಲೇ ಬಂದಿತ್ತು. ಕೂಲಿಕಾರರೂ ಹಡಗುಕಟ್ಟೆಯ ಕಾರ್ಮಿಕರೂ ಕಿಕ್ಕಿರಿದು ವಾಸಿಸುತ್ತಿದ್ದ ಈ ಪೂರ್ವ ಭಾಗದಲ್ಲಿ ಮಾತ್ರ ಕೆಲಸ ಇನ್ನೂ ಮುಗಿದಿರಲಿಲ್ಲ. ಮುಂದೆ ಚರಂಡಿ ಪೂರ್ತಿಯಾಯಿತು, ನಲ್ಲಿಯಲ್ಲಿ ಶುದ್ಧ ನೀರು ಬಂತು, ಕಾಲರಾ ಹೊರಟುಹೋಯಿತು. ಶ್ರೀಮಂತ ದೇಶಗಳು ವಾಂತಿಭೇದಿಯನ್ನು ಗೆದ್ದದ್ದು ಹೀಗೆ: ಕೊಳವೆ, ಇಟ್ಟಿಗೆ, ಮತ್ತು ಅದಕ್ಕೆ ಬೇಕಾದಷ್ಟು ದುಡ್ಡು.

ದುಡ್ಡಿಲ್ಲದ ದೇಶ ಏನು ಮಾಡಬೇಕು? ಚರಂಡಿ ಬರುವುದು ಇನ್ನು ಮೂವತ್ತು ವರ್ಷಕ್ಕೆ. ಮಗುವಿಗೆ ಭೇದಿ ಹತ್ತಿರುವುದು ಇವತ್ತು. ಈ ಪ್ರಶ್ನೆಗೆ ಸಿಕ್ಕಿದ ಒಂದು ಉತ್ತರದ ಕಥೆಯನ್ನು ಇಲ್ಲಿ ಹೇಳಹೊರಟಿದ್ದೇನೆ. ನಾನು ಮಂಡ್ಯ ಸೀಮೆಯಲ್ಲಿ ಆಲೆಮನೆಯ ವಾಸನೆಯಲ್ಲಿ ಬೆಳೆದು, ಈಗ ಅದೇ ಪೂರ್ವ ಲಂಡನ್ನಿನ ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಕಥೆಯ ಮುಖ್ಯ ಅಧ್ಯಾಯ ನಡೆದದ್ದೂ ಅವರ ನಾಡಿನಲ್ಲೇ.

ಭೇದಿಯಲ್ಲಿ ಮನುಷ್ಯ ಸಾಯುವುದು ಮುಖ್ಯವಾಗಿ ನೀರೂ ಲವಣವೂ ಮೈಯಿಂದ ಹರಿದುಹೋಗುವುದರಿಂದ. ಇದು 1830ರ ದಶಕದಲ್ಲೇ ಗೊತ್ತಿತ್ತು. 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಏರಿಸಿ ಕೆಲವರನ್ನು ಉಳಿಸಿದ್ದರು. ನಮ್ಮ ಕಡೆ ‘ಗ್ಲೂಕೋಸ್ ಹಾಕಿಸುವುದು’ ಅನ್ನುತ್ತೇವಲ್ಲ, ಆ ಚಿಕಿತ್ಸೆಯ ಪೂರ್ವಜ ಇದು. ಆದರೆ ಅದಕ್ಕೆ ಸೂಜಿ ಬೇಕು, ಶುದ್ಧ ದ್ರಾವಣ ಬೇಕು, ನರ ಹುಡುಕಬಲ್ಲ ಕೈ ಬೇಕು, ಆಸ್ಪತ್ರೆ ಬೇಕು. ಬಾಯಲ್ಲಿ ಕುಡಿಸಿದರೆ ಸಾಲದೇ ಎಂದು ಯೋಚಿಸಿದವರಿದ್ದರು. ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 186 ಕಾಲರಾ ರೋಗಿಗಳಿಗೆ ಬಾಯಲ್ಲೇ ಲವಣದ್ರಾವಣ ಕೊಟ್ಟ ವಿವರವನ್ನು 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ವೈದ್ಯಲೋಕ ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಬೇರೆ ದಾರಿಯಿಂದ ತಿಳಿಯಿತು. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿ ಕರುಳಿನ ಗೋಡೆಯ ಬಗ್ಗೆ ಒಂದು ಹೊಸ ಮಾತು ಹೇಳಿದರು. ಅಲ್ಲಿ ಸಕ್ಕರೆಯೂ ಸೋಡಿಯಂ ಕೂಡ ಒಂದೇ ಬಾಗಿಲಿನಿಂದ, ಜೊತೆಜೊತೆಯಾಗಿ ಒಳಗೆ ಹೋಗುತ್ತವೆ. ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಬರೀ ಉಪ್ಪುನೀರು ಕುಡಿಸಿದರೆ ಭೇದಿಯಾದ ಕರುಳು ಅದನ್ನು ಸಾಕಷ್ಟು ಹೀರುವುದಿಲ್ಲ. ಜೊತೆಗೆ ತಕ್ಕಷ್ಟು ಸಕ್ಕರೆ ಇದ್ದರೆ, ಕಾಲರಾದಲ್ಲೂ ಆ ಬಾಗಿಲು ಮುಚ್ಚುವುದಿಲ್ಲ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್, ರಫೀಕುಲ್ ಇಸ್ಲಾಂ ಮೊದಲಾದವರು ಇದನ್ನು ರೋಗಿಗಳಲ್ಲಿ ಪರೀಕ್ಷಿಸಿದರು. ಅಳತೆ ನೋಡಿ ಬಾಯಲ್ಲಿ ಕುಡಿಸುತ್ತ ಹೋದರೆ ನರಕ್ಕೆ ಏರಿಸಬೇಕಾದ ದ್ರಾವಣದಲ್ಲಿ ಶೇಕಡಾ 80ರಷ್ಟು ಉಳಿಯುತ್ತದೆ ಎಂದು ಕಂಡುಬಂತು.

ಆಸ್ಪತ್ರೆಯಲ್ಲಿ ಸರಿ, ಹೊರಗೆ? ಆ ಪರೀಕ್ಷೆ ಮೂರೇ ವರ್ಷಕ್ಕೆ ತಾನಾಗಿ ಬಂತು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಭಾರತಕ್ಕೆ ಬಂದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಬನಗಾಂವ್‌ನ ಪುಟ್ಟ ಆಸ್ಪತ್ರೆಯಲ್ಲಿ ಡಾ. ದಿಲೀಪ್ ಮಹಾಲನಬಿಸ್ ವಾಂತಿಭೇದಿಯಿಂದ ತುಂಬಿದ ನೆಲದಲ್ಲೇ ಮಂಡಿಯೂರಿ ರೋಗಿಗಳನ್ನು ನೋಡಬೇಕಾಯಿತು. ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದವು. ಅವರ ತಂಡ ಕಲ್ಕತ್ತೆಯಲ್ಲಿ ಒಂದು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಎಂಬ ಲೆಕ್ಕದಲ್ಲಿ ಪೊಟ್ಟಣ ಕಟ್ಟಿತು. ಅದನ್ನು ನೀರಿನಲ್ಲಿ ಕಲಸಿ ಡ್ರಮ್ಮುಗಳಲ್ಲಿ ತುಂಬಿಟ್ಟರು. ಬಟ್ಟಲಿನಲ್ಲಿ ಹಿಡಿದು ಕುಡಿಸಿದವರು ರೋಗಿಗಳ ಮನೆಯವರೇ. ‘ಸಲೈನ್’ ಎಂದರೆ ಸೂಜಿಯಲ್ಲಿ ಏರಿಸುವ ನಿಜವಾದ ಔಷಧಿ ಎಂಬ ನಂಬಿಕೆ ಜನರಲ್ಲಿತ್ತು. ಅದಕ್ಕೇ ಇದನ್ನು ‘ಓರಲ್ ಸಲೈನ್’ ಎಂದು ಕರೆದರು. ಅಲ್ಲಿಯವರೆಗೆ ನೂರಕ್ಕೆ ಮೂವತ್ತರಷ್ಟಿದ್ದ ಸಾವು, ಈ ನೀರು ಕುಡಿದವರಲ್ಲಿ 3.6ಕ್ಕೆ ಇಳಿಯಿತು. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಣೆಯಾಯಿತು.

ಸಾಮಾನ್ಯವಾಗಿ ಓಆರ್‌ಎಸ್ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ವಿಜ್ಞಾನ ಗೆದ್ದಿತು, ಪೊಟ್ಟಣ ಬಂತು, ಶುಭಂ. ಆದರೆ ಬನಗಾಂವ್‌ನಲ್ಲಿ ವೈದ್ಯರು ಎದುರಿಗೇ ಇದ್ದರು. ಹೊಸದಾಗಿ ಹುಟ್ಟಿದ ಬಾಂಗ್ಲಾದೇಶದಲ್ಲಿ ಮಕ್ಕಳು ಸಾಯುತ್ತಿದ್ದದ್ದು ರಸ್ತೆಯಿಲ್ಲದ, ಮಳೆಗಾಲದಲ್ಲಿ ದ್ವೀಪಗಳಾಗುವ ಹಳ್ಳಿಗಳಲ್ಲಿ. ಅಲ್ಲಿಗೆ ಪೊಟ್ಟಣ ತಲುಪುತ್ತಿರಲಿಲ್ಲ. ತಲುಪಿದ್ದರೂ ಅದರ ಮೇಲಿನ ಬರಹ ಓದಬಲ್ಲ ತಾಯಂದಿರು ಕಡಿಮೆ. ಭೇದಿಯಾದ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚಾಗುತ್ತದೆ ಎಂಬ ನಂಬಿಕೆ ಬೇರೆ. ನಮ್ಮ ಹಳ್ಳಿಗಳಲ್ಲೂ ಇದ್ದ ನಂಬಿಕೆಯೇ ಇದು.

ಇಲ್ಲಿ ಬ್ರ್ಯಾಕ್ ಎಂಬ ಸಂಸ್ಥೆ ಬರುತ್ತದೆ. ಶೆಲ್ ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದ ಫಜ್ಲೆ ಹಸನ್ ಅಬೇದ್ 1972ರಲ್ಲಿ ಸಿಲ್ಹೆಟ್ ಕಡೆಯ ಸುಲ್ಲಾ ಎಂಬಲ್ಲಿ ನಿರಾಶ್ರಿತರಿಗೆ ಮನೆ ಕಟ್ಟಿಕೊಡಲು ಶುರುಮಾಡಿದ್ದು ಅದು. ಪೊಟ್ಟಣ ತಲುಪದಿದ್ದರೆ, ಮನೆಯಲ್ಲೇ ಇರುವ ಉಪ್ಪು ಬೆಲ್ಲದಿಂದ ತಾಯಿಯೇ ಅದನ್ನು ಮಾಡಲಿ ಎಂದು ಅವರು ಯೋಚಿಸಿದರು. 1979ರಲ್ಲಿ ಸುಲ್ಲಾದಲ್ಲೇ ಪ್ರಯೋಗ ನಡೆಯಿತು. ಅಳತೆ ಹೀಗೆ: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ನಮ್ಮಲ್ಲಿ ಅಕ್ಕಿ ರಾಗಿ ಅಳೆಯುವ ಸೇರಲ್ಲ ಇದು. ಬಂಗಾಳದ ಸೇರು ತೂಕದ್ದು, ಅರ್ಧ ಸೇರೆಂದರೆ ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ. ಬೆಲ್ಲದ ನಾಡಿನವನಾದ ನನಗೆ ಇದನ್ನು ಓದಿದಾಗ ಖುಷಿಯಾದ ಸಂಗತಿ ಒಂದಿದೆ. ಸಕ್ಕರೆಯಲ್ಲಿ ಇಲ್ಲದ ಪೊಟ್ಯಾಸಿಯಂ ಬೆಲ್ಲದಲ್ಲಿದೆ. ಭೇದಿಯಲ್ಲಿ ಮೈ ಕಳೆದುಕೊಳ್ಳುವುದರಲ್ಲಿ ಅದೂ ಒಂದು.

ಅಪಾಯವೂ ಇತ್ತು. ಉಪ್ಪು ಹೆಚ್ಚಾದರೆ ಈ ನೀರೇ ಮಗುವಿಗೆ ಮಾರಕ. ಹಾಗಾಗಿ ‘ಒಂದಿಷ್ಟು ಉಪ್ಪು ಹಾಕಮ್ಮ’ ಎಂದು ಹೇಳಿ ಬರುವಂತಿರಲಿಲ್ಲ. 1980ರಿಂದ 1990ರವರೆಗೆ ಬ್ರ್ಯಾಕ್‌ನ ಕಾರ್ಯಕರ್ತೆಯರು ಊರಿಂದೂರಿಗೆ ನಡೆದು, ಒಂದೊಂದು ಮನೆಯಲ್ಲೂ ತಾಯಿಯ ಎದುರು ಕುಳಿತು ಕಲಿಸಿದರು. ನೆನಪಿಡಬೇಕಾದ ಮಾತುಗಳು ಮೊದಲು ಹತ್ತಿದ್ದವು, ಆಮೇಲೆ ಏಳಾದವು. ಮನೆಯ ಪಾತ್ರೆಯ ಮೇಲೆ ಅರ್ಧ ಸೇರಿನ ಗುರುತು ಹಾಕಿಕೊಟ್ಟರು. ತಾಯಿಯ ಕೈಯಿಂದಲೇ ಕಲಸಿಸಿದರು. ಹತ್ತು ವರ್ಷದಲ್ಲಿ ಹೀಗೆ ಮುಟ್ಟಿದ್ದು 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳನ್ನು.

ನಾನು ಈ ಪ್ರಬಂಧ ಬರೆಯಲು ಕಾರಣವಾದ ಅಂಶ ಮುಂದಿನದು. ಕಾರ್ಯಕರ್ತೆಗೆ ಸಂಬಳ ಕೊಡುವುದು ಹೇಗೆ? ಎಷ್ಟು ಮನೆಗೆ ಹೋದಳು ಎಂದು ಎಣಿಸಿ ಕೊಡುವುದು ರೂಢಿ. ಬ್ರ್ಯಾಕ್ ಹಾಗೆ ಮಾಡಲಿಲ್ಲ. ಅವಳು ಹೋಗಿಬಂದು ಸುಮಾರು ಒಂದು ತಿಂಗಳಾದ ಮೇಲೆ ಮತ್ತೊಬ್ಬರು ಅದೇ ಊರಿಗೆ ಹೋಗಿ, ನೂರರಲ್ಲಿ ಐದೋ ಹತ್ತೋ ಮನೆಗಳನ್ನು ಚೀಟಿ ಎತ್ತಿದಂತೆ ಆರಿಸುತ್ತಿದ್ದರು. ಆ ತಾಯಂದಿರನ್ನು ಕೇಳುತ್ತಿದ್ದರು: ಏನೇನು ನೆನಪಿದೆ? ಒಂದು ಸಲ ಕಲಸಿ ತೋರಿಸುತ್ತೀರಾ? ಕಲಸಿದ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ದು ಉಪ್ಪಿನ ಪ್ರಮಾಣ ನೋಡುತ್ತಿದ್ದರು. ತಾಯಿ ಎಲ್ಲ ಹೇಳಿ ಸರಿಯಾಗಿ ಕಲಸಿದರೆ ಕಾರ್ಯಕರ್ತೆಗೆ ಪೂರ್ತಿ ಹಣ. ಅಷ್ಟಿಷ್ಟು ಮರೆತಿದ್ದರೆ ಅದಕ್ಕೆ ತಕ್ಕಂತೆ ಕಡಿಮೆ. ಏನೂ ನಿಂತಿಲ್ಲದಿದ್ದರೆ ಸೊನ್ನೆ. ಪರೀಕ್ಷೆ ಬರೆದವಳು ತಾಯಿ, ಪಾಸು ಫೇಲು ಆಗುತ್ತಿದ್ದವಳು ಕಲಿಸಿದವಳು.

ತಾಯಂದಿರು ಚೆನ್ನಾಗಿಯೇ ಕಲಿತರು. ಆದರೆ ಮಗುವಿಗೆ ಭೇದಿಯಾದಾಗ ನಿಜವಾಗಿ ಆ ನೀರು ಕೊಡುತ್ತಿದ್ದಾರೆಯೇ ಎಂದು ನೋಡಿದರೆ, ಮೊದಮೊದಲು ನೂರಕ್ಕೆ ಹತ್ತೂ ಇರಲಿಲ್ಲ. ‘ಹಳ್ಳಿಯವರಿಗೆ ಎಷ್ಟು ಹೇಳಿದರೂ ಅಷ್ಟೇ’ ಎಂದು ಅಲ್ಲಿಗೇ ಕೈಬಿಡಬಹುದಿತ್ತು. ಬ್ರ್ಯಾಕ್ ತನ್ನ ಕಡೆಗೇ ನೋಡಿಕೊಂಡಿತು. ಆಗ ಗೊತ್ತಾಯಿತು, ಕಾರ್ಯಕರ್ತೆಯರಿಗೇ ಈ ನೀರಿನಲ್ಲಿ ನಂಬಿಕೆಯಿಲ್ಲ. ತಮಗೆ ಭೇದಿಯಾದರೆ ಮಾತ್ರೆ ನುಂಗುತ್ತಾರೆ. ನಮ್ಮ ಪುರಾಣದ ಬದನೆಕಾಯಿಯ ಕಥೆಯೇ! ಅವರನ್ನು ಕಾಲರಾ ಆಸ್ಪತ್ರೆಗೆ ಕರೆದೊಯ್ದು, ಕಣ್ಣು ಗುಳಿಬಿದ್ದ ರೋಗಿಗಳು ಕುಡಿಯುತ್ತ ಕುಡಿಯುತ್ತ ಎದ್ದು ಕೂರುವುದನ್ನು ತೋರಿಸಿದರು. ಇನ್ನೊಂದು ಲೋಪವೂ ಕಂಡಿತು: ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ. ಸಂತೆಗೆ ಹೋಗಿ ಔಷಧಿ ತರುವವರು ಅವರು, ಮನೆಯಲ್ಲಿ ಸರಿ ತಪ್ಪು ತೀರ್ಮಾನಿಸುವವರೂ ಅವರೇ. ಆಮೇಲೆ ಸಂತೆ, ಮಸೀದಿ, ಶಾಲೆಗಳಲ್ಲಿ ಸಭೆಗಳಾದವು, ರೇಡಿಯೋದಲ್ಲಿ ಬಂತು. ಬಳಕೆ ಏರಿತು.

ಇದು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ನನಗೆ ತಿಳಿದದ್ದು ನಮ್ಮ ಅಂಗಡಿಯಲ್ಲೇ. ಒಮ್ಮೆ ಒಬ್ಬ ಯುವತಿ ಮಗುವಿನ ಭೇದಿಗೆ ಔಷಧಿ ಕೇಳಲು ಬಂದಿದ್ದಳು. ಜೊತೆಗಿದ್ದ ಅಜ್ಜಿ, ನಾನು ಪೊಟ್ಟಣ ಎತ್ತಿಡುವ ಮೊದಲೇ, ಮೂರು ಬೆರಳು ಜೋಡಿಸಿ ತೋರಿಸಿದರು, ಆಮೇಲೆ ಮುಷ್ಟಿ ಮುಚ್ಚಿ ತೋರಿಸಿದರು. “ಯಾರು ಕಲಿಸಿದ್ದು ಖಾಲಾ?” ಎಂದು ಕೇಳಿದೆ. “ಹೊಸದಾಗಿ ಮದುವೆಯಾಗಿದ್ದಾಗ ಒಬ್ಬರು ಆಪಾ ಮನೆಗೆ ಬಂದಿದ್ದರು,” ಎಂದರು. “ಇನ್ನೊಬ್ಬರು ಬಂದು ಪರೀಕ್ಷೆಯನ್ನೂ ಮಾಡಿದರು. ಉಪ್ಪು ಕಣ್ಣೀರಿಗಿಂತ ಹೆಚ್ಚಾಗಬಾರದು ಮಗಾ, ಮೊದಲು ನೀನು ರುಚಿ ನೋಡಬೇಕು.” ಶಾಲೆಗೆ ಹೋಗದ ಆ ಹೆಂಗಸು ಸುಮಾರು ನಲವತ್ತು ವರ್ಷದ ಹಿಂದೆ ಕಲಿತ ಪಾಠವನ್ನು ಮೊಮ್ಮಗಳಿಗೆ ಒಪ್ಪಿಸುತ್ತಿದ್ದರು.

ಇವತ್ತು ಬಾಂಗ್ಲಾದೇಶದಲ್ಲಿ ಬೆಲ್ಲದ ಜಾಗಕ್ಕೆ ಅಗ್ಗದ ಪೊಟ್ಟಣ ಬಂದಿದೆ. ಜನ ಅದನ್ನು ‘ಖಾಬಾರ್ ಸ್ಯಾಲೈನ್’, ಕುಡಿಯುವ ಸಲೈನ್, ಎನ್ನುತ್ತಾರೆ. ಭೇದಿಯಾದ ಮಕ್ಕಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಕ್ಕಳಿಗೆ ಅದು ಸಿಗುತ್ತದೆ. ಐದು ವರ್ಷದೊಳಗಿನ ಮಕ್ಕಳ ಸಾವು 1990ರಲ್ಲಿ ಸಾವಿರಕ್ಕೆ ಸುಮಾರು 145 ಇದ್ದದ್ದು ಈಗ 30ರ ಆಸುಪಾಸಿನಲ್ಲಿದೆ. ಇದೆಲ್ಲ ಉಪ್ಪು ಬೆಲ್ಲದ ಪವಾಡವೆಂದರೆ ತಪ್ಪಾದೀತು. ಲಸಿಕೆ, ಹೆಣ್ಣುಮಕ್ಕಳ ಶಿಕ್ಷಣ, ಕುಟುಂಬ ಯೋಜನೆ ಎಲ್ಲಕ್ಕೂ ಪಾಲಿದೆ. ಆದರೆ ಆ ಮನೆಮನೆಯ ಹತ್ತು ವರ್ಷಗಳ ಪಾಲನ್ನು ಕಡಿಮೆ ಎನ್ನಲಾಗದು. ಓಆರ್‌ಎಸ್ ಮೊದಲು ದೊಡ್ಡ ಪ್ರಮಾಣದಲ್ಲಿ ಬಳಕೆಯಾದ ನೆಲ ನಮ್ಮದೇ ದೇಶದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಭೇದಿಯಾದ ಮಕ್ಕಳಲ್ಲಿ ಅದು ಸಿಕ್ಕಿದ್ದು ಶೇಕಡಾ 61ರಷ್ಟು ಮಕ್ಕಳಿಗೆ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಪೊಟ್ಟಣವಿದೆ, ಮೆಡಿಕಲ್ ಶಾಪಿನಲ್ಲಿದೆ. ಆದರೂ ಐವರಲ್ಲಿ ಇಬ್ಬರು ಮಕ್ಕಳಿಗೆ ತಲುಪಿಲ್ಲ.

ಹೊರನಾಡಿನಲ್ಲಿರುವ ನಾವು ಊರಿಗೆ ಏನಾದರೂ ಮಾಡಬೇಕೆಂದು ಹೊರಟಾಗ ಮೊದಲು ನೆನಪಾಗುವುದು ಆರೋಗ್ಯ ಶಿಬಿರ. ಶಾಮಿಯಾನ, ಬ್ಯಾನರ್, ಒಂದು ದಿನದ ತಪಾಸಣೆ, ಔಷಧಿ ವಿತರಣೆ, ಇಷ್ಟು ಜನ ಪ್ರಯೋಜನ ಪಡೆದರು ಎಂಬ ವರದಿ. ಉದ್ದೇಶ ಒಳ್ಳೆಯದೇ, ಅದರಿಂದ ಉಪಕಾರವಾದವರೂ ಇದ್ದಾರೆ. ಆದರೆ ಆ ವರದಿ ಎಣಿಸುವುದು ನಾವು ಕೊಟ್ಟದ್ದನ್ನು, ಅವರಲ್ಲಿ ಉಳಿದದ್ದನ್ನಲ್ಲ. ಮುಂದಿನ ಸಲ ನಮ್ಮ ಕನ್ನಡ ಸಂಘದ ಸಭೆಯಲ್ಲಿ ಇಂಥ ಶಿಬಿರದ ಖರ್ಚಿನ ಪಟ್ಟಿ ಬಂದಾಗ, ಅದಕ್ಕೆ ಒಂದು ಸಾಲು ಸೇರಿಸಲು ಕೇಳಬೇಕೆಂದಿದ್ದೇನೆ: ಒಂದು ತಿಂಗಳ ನಂತರ ನೂರಕ್ಕೆ ಹತ್ತು ಮನೆಗೆ ಮತ್ತೆ ಹೋಗಿ, ಏನು ನೆನಪಿದೆ ಎಂದು ಕೇಳಿ ಬರಲು ಒಬ್ಬರ ಬಸ್ ಚಾರ್ಜು, ಊಟ, ದಿನಗೂಲಿ. ಉತ್ತರ ಸೊನ್ನೆ ಬಂದರೂ ಅದನ್ನು ವರದಿಯಲ್ಲಿ ಬರೆಯಬೇಕು. ಆ ಸೊನ್ನೆ ನಮ್ಮ ಲೆಕ್ಕಕ್ಕೆ ಸೇರಬೇಕೇ ಹೊರತು ಆ ತಾಯಂದಿರ ಲೆಕ್ಕಕ್ಕಲ್ಲ.