36 + 29 = 62? 🔔 ಕಾಣೆಯಾದ 3 ಸೂರ್ಯರ ಲೆಕ್ಕ | ಭಾಗ 6

ಕಾಮರ್ಸ್‌ನವರು ಮೊದಲು ಇದನ್ನ ಟ್ಯಾಲಿ ಮಾಡ್ರಿ 👇

ಎರಡು ಬ್ಲ್ಯಾಕ್ ಹೋಲ್. ಒಂದರ ತೂಕ ಸುಮಾರು 36 ಸೂರ್ಯರಷ್ಟು, ಇನ್ನೊಂದರದ್ದು 29. ಸುತ್ತಿ ಸುತ್ತಿ ಒಂದಾದವು. ಉಳಿದದ್ದು 62. ಹಂಗಾದ್ರ 3 ಎಲ್ಲಿ ಹೋತು?

ಮುಧೋಳ, ಜಮಖಂಡಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಕಾಟಾ ಮಾಡೋದು ನೋಡೀರಲ್ಲ? ತುಂಬಿದ ತೂಕ, ಖಾಲಿ ತೂಕ. ವ್ಯತ್ಯಾಸ ಎಷ್ಟೋ ಅಷ್ಟು ಕಬ್ಬು ಇಳಿದದ. ಇಲ್ಲೂ ಅದೇ. ಆ 3 ಸೂರ್ಯರ ತೂಕ ಶಕ್ತಿಯಾಗಿ ಗುರುತ್ವ ಅಲೆಗಳ ಜೊತೆ ಹೊರಗೆ ಹೋಗಿತ್ತು. ಅದನ್ನೂ ಕೂಡಿಸಿದ್ರ ಮತ್ತೆ 65. ಏನೂ ಕಳೆದಿಲ್ಲ.

ಆದ್ರೆ ಈ ಲೆಕ್ಕ ಒಪ್ಪೋಕೆ ದಶಕಗಳೇ ಬೇಕಾದವು. 1916ರಲ್ಲಿ ಈ ಅಲೆಗಳ ಬಗ್ಗೆ ಬರೆದ ಐನ್‌ಸ್ಟೈನ್ ಅವರೇ 1936ರಲ್ಲಿ ಅವು ಇಲ್ಲ ಅಂತ ವಾದಿಸಿ, ಆಮೇಲೆ ತಿದ್ದಿಕೊಂಡರು. ಗುರುತ್ವದ ಶಕ್ತಿ ಇದೇ ಜಾಗದಲ್ಲಿ ಇಷ್ಟಿದೆ ಅಂತ ಬೊಟ್ಟು ಮಾಡಿ ತೋರಿಸೋಕೆ ಆಗಲ್ಲ, ಅದೇ ತೊಡಕು. 1962ರಲ್ಲಿ ಹರ್ಮನ್ ಬಾಂಡಿ ಮತ್ತು ಸಂಗಡಿಗರು ದಾರಿ ತೋರಿಸಿದರು: ಬಹಳ ದೂರ ನಿಂತು ಎಲ್ಲವನ್ನೂ ಒಟ್ಟಿಗೆ ತೂಗಿ. ಅಲೆ ಹೊರಟಷ್ಟೂ ತೂಕ ಇಳಿತದ.

ಇನ್ನು ನಮ್ಮವರ ಕಥೆ. ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, ಹುಟ್ಟಿದ್ದು 1938. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ. ಬ್ಲ್ಯಾಕ್ ಹೋಲ್ ಅನ್ನೋ ಹೆಸರೇ ಹೊಸದಾಗಿದ್ದ ಕಾಲ, ಅವು ನಿಜವಾಗ್ಲೂ ಇವೆಯಾ ಅನ್ನೋ ಸಂಶಯ ಬೇರೆ. ಅವರ ಪ್ರಶ್ನೆ ಸರಳ: ಅದಕ್ಕೆ ಅಲೆಯಿಂದ ಹೊಡೆದ್ರೆ ಏನಾಗ್ತದ?

1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಉತ್ತರ ಬಂತು. ಗುಡಿ ಗಂಟೆ ಹಂಗ ನುಡಿತದ, ನಾದ ಬೇಗ ಅಡಗ್ತದ. ಯಾರು ಹೆಂಗ ಹೊಡೆದರೂ ನಾದ ಮಾತ್ರ ಗಂಟೆದೇ. ಅಂದ್ರೆ ನಾದ ಕೇಳಿಯೇ ಬ್ಲ್ಯಾಕ್ ಹೋಲಿನ ತೂಕ ಹೇಳಬಹುದು!

45 ವರ್ಷ ಅದು ಕಾಗದದ ಮೇಲೇ ಇತ್ತು.

2015ರ ಸೆಪ್ಟೆಂಬರ್ 14, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3:20. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಿಂದ ಬಂದ ಅಲೆ ಅಮೆರಿಕದ ಎರಡು ಲೈಗೋ ಕೇಂದ್ರಗಳಲ್ಲಿ ಸಿಕ್ಕಿತು. ಮೇಲೆ ಹೇಳಿದ 36, 29ರ ಲೆಕ್ಕ ಇದರದ್ದೇ. ಅಲೆಯ ಕೊನೆಯಲ್ಲಿ ವಿಶ್ವೇಶ್ವರ ಹೇಳಿದ ಆ ಅಡಗುವ ನಾದ. 2016ರ ಫೆಬ್ರವರಿ 11ರಂದು ಜಗತ್ತಿಗೆ ಸುದ್ದಿ ಗೊತ್ತಾದಾಗ ಅವರಿಗೆ 77. ವರ್ಷ ತುಂಬೋದರೊಳಗೆ, 2017ರ ಜನವರಿ 16ರಂದು, ತೀರಿಕೊಂಡರು. ಗಂಟೆ ನುಡಿದದ್ದು ಕೇಳಿಯೇ ಹೋದರು. 🙏

ಬೆಂಗಳೂರಿನ ನೆಹರು ತಾರಾಲಯ ಕಟ್ಟಿ ಬೆಳೆಸಿದವರೂ ಇವರೇ. ಐನ್‌ಸ್ಟೈನ್ ಹೆಸರು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ವಿಶ್ವೇಶ್ವರ ಹೆಸರು ಮೊದಲೇ ಕೇಳಿದ್ರಾ? ಖರೇ ಹೇಳ್ರಿ, ಕಾಮೆಂಟ್ ಮಾಡ್ರಿ.

#ಕನ್ನಡದಲ್ಲಿ_ವಿಜ್ಞಾನ #ಜಮಖಂಡಿ #ಮುಧೋಳ #ಬೀಳಗಿ #ರಬಕವಿಬನಹಟ್ಟಿ